ಎರಡೆರಡು ಇದ್ದ ಮನೆ

ಆ ಮನೆಯಲ್ಲಿ ಯಾವುದೂ ಒಂದೇ ಇರಲಿಲ್ಲ. ಬಾಗಿಲ ಪಕ್ಕ ಎರಡು ಕೊಡೆ, ಗೂಟಕ್ಕೆ ಎರಡು ಕೋಟು, ಕನ್ನಡಿಯ ಕೆಳಗೆ ಎರಡು ಬಾಚಣಿಗೆ. ಬೀದಿಯ ಕಡೆಯ ಕೋಣೆಯಲ್ಲಿ ಎದುರುಬದುರಾಗಿ ಎರಡು ಹೊಲಿಗೆ ಮಷೀನು. ಅವುಗಳ ಹಿಂದೆ ಎರಡು ಕುರ್ಚಿ, ಆ ಕುರ್ಚಿಗಳ ಮೇಲೆ ಬಹಳ ಕಾಲ ಒಂದೇ ಮುಖದ ಇಬ್ಬರು ಹೆಂಗಸರು.

ಅವಳಿ ಹೆಣ್ಣುಮಕ್ಕಳು ಹುಟ್ಟಿದಾಗ ಅವರ ಅಪ್ಪ ಮಾಡಿದ ಕಟ್ಟಳೆ ಅದು. ಒಂದು ತಂದರೆ ಜಗಳ, ಎರಡು ತಂದರೆ ನೆಮ್ಮದಿ ಎನ್ನುತ್ತಿದ್ದ. ಬಣ್ಣ ಕೂಡ ಬೇರೆ ಇರಬಾರದು. ಅಂಗಡಿಯಲ್ಲಿ ಒಂದೇ ಬಣ್ಣದ್ದು ಎರಡು ಸಿಗದಿದ್ದರೆ ಬರಿಗೈಲಿ ಮನೆಗೆ ಬರುತ್ತಿದ್ದ. ಅಪ್ಪ ಹೋದ ಮೇಲೂ ಮಕ್ಕಳು ಆ ಕಟ್ಟಳೆಯನ್ನು ಮೀರಲಿಲ್ಲ. ಮದುವೆಯಾಗದೆ ಒಟ್ಟಿಗೇ ಉಳಿದರು, ಒಟ್ಟಿಗೇ ಹಳೆಯ ಬಟ್ಟೆ ಸರಿಮಾಡಿಕೊಡುವ ಕೆಲಸ ಹಿಡಿದರು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಝಿಪ್ಪು ಬದಲಿಸುವುದು, ಸವೆದ ಕಾಲರನ್ನು ಬಿಚ್ಚಿ ತಿರುವಿ ಹಾಕುವುದು, ಪರದೆ ಹೊಲಿಯುವುದು. ಮೊದಲು ಹುಟ್ಟಿದವಳು ಬೀದಿಗೆಲ್ಲ ದೊಡ್ಡಕ್ಕ, ಅವಳ ಬೆನ್ನಿಗೇ ಹುಟ್ಟಿದವಳು ಸಣ್ಣಕ್ಕ. ಹಾಗೆಂದು ಯಾರು ದೊಡ್ಡಕ್ಕ, ಯಾರು ಸಣ್ಣಕ್ಕ ಎಂದು ಕೇಳಿದರೆ ಬೀದಿಯವರು ತಲೆ ಕೆರೆದುಕೊಳ್ಳುತ್ತಿದ್ದರು. ಬಾಯಿ ತೆರೆದಾಗ ಮಾತ್ರ ಗೊತ್ತಾಗುತ್ತಿತ್ತು. ಮಾತಾಡುವವಳು ದೊಡ್ಡವಳು. ಅಳತೆ ತೆಗೆಯುವುದು, ಗಿರಾಕಿಗಳನ್ನು ಗದರುವುದು, ನಗಿಸುವುದು ಎಲ್ಲ ಅವಳದೇ. ಗೋಡೆಯ ಕಡೆಯ ಮಷೀನಿನಲ್ಲಿ ತಲೆ ತಗ್ಗಿಸಿ ಹೊಲಿಯುವವಳು ಸಣ್ಣವಳು.

ಒಂದು ಬೆಳಿಗ್ಗೆ ಯಾರದೋ ಕೋಟಿನ ತೋಳಿಗೆ ಇಸ್ತ್ರಿ ಹಾಕುತ್ತಿದ್ದ ದೊಡ್ಡಕ್ಕ, "ಇದನ್ನ ಸ್ವಲ್ಪ ಹಿಡ್ಕೋ" ಎಂದಳು. ಸಣ್ಣಕ್ಕ ಎದ್ದು ಹೋಗಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡಳು. ಎದೆ ಒತ್ತಿಕೊಂಡು ಕುರ್ಚಿಯಲ್ಲಿ ಕುಳಿತ ದೊಡ್ಡಕ್ಕ ಮತ್ತೆ ಏಳಲಿಲ್ಲ. ಬಟ್ಟೆ ಸೀಯುವ ವಾಸನೆ ಬರುವವರೆಗೂ ಸಣ್ಣಕ್ಕ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ನಿಂತಿದ್ದಳು.

ಎಲ್ಲ ಮುಗಿದು ನೆಂಟರು ಹೊರಟು ಹೋದ ಮೇಲೆ ಅವಳು ಮಾರನೆಯ ದಿನವೇ ಕೆಲಸಕ್ಕೆ ಕುಳಿತಳು. ಬಾಕಿ ಬಟ್ಟೆಗಳಿದ್ದವು, ಜನ ಕೇಳುತ್ತಿದ್ದರು. ಕಾಲು ಪೆಡಲಿನ ಮೇಲೆ, ಕಣ್ಣು ಸೂಜಿಯ ಮೇಲೆ. ಒಂದು ಅಂಚು ಮುಗಿಸಿ ಕಾಲು ನಿಲ್ಲಿಸಿದಾಗ ಎದುರಿನ ಮಷೀನಿನ ಸದ್ದು ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು, ದೊಡ್ಡಕ್ಕ ಹೊಲಿಗೆಯ ಕೊನೆಗೆ ಬಂದಾಗ ಚಕ್ರವನ್ನು ಕೈಯಲ್ಲಿ ತಡೆಯುವಷ್ಟು ಹೊತ್ತು. ಸಣ್ಣಕ್ಕ ತಲೆ ಎತ್ತಲಿಲ್ಲ. ಎತ್ತಿದರೆ ಇರುವುದಿಲ್ಲ ಎಂಬುದು ಗೊತ್ತಿತ್ತು. ತಲೆ ತಗ್ಗಿಸಿಕೊಂಡಿದ್ದರೆ ಇರುತ್ತಾಳೆ.

ಹೀಗೇ ದಿನ ಹೋಯಿತು. ಟೀ ಮಾಡಿದರೆ ಎರಡು ಲೋಟಕ್ಕೆ ಬಗ್ಗಿಸುತ್ತಿದ್ದಳು. ಒಂದನ್ನು ಕುಡಿಯುತ್ತಿದ್ದಳು, ಇನ್ನೊಂದು ಆರಿದ ಮೇಲೆ ಚೆಲ್ಲುತ್ತಿದ್ದಳು. ದೊಡ್ಡಕ್ಕನ ಚಪ್ಪಲಿ ಬಾಗಿಲ ಬಳಿಯೇ ಇದ್ದವು. ಅವನ್ನೇ ಎಡವಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು.

ಆಗ ಬಂದವಳು ತೀರಿಕೊಂಡ ಅಣ್ಣನ ಮಗಳು. ಆಸ್ಪತ್ರೆಯಲ್ಲಿ ಕೈಕಾಲು ಬಿದ್ದವರಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಬೇರೆಯವರ ನೋವನ್ನು ದಿನವೂ ಹಿಡಿದು ಬಗ್ಗಿಸುವವಳಾದ್ದರಿಂದ ಮಾತು ಸ್ವಲ್ಪ ನೇರ.

"ಸತ್ತವರ ಚಪ್ಪಲಿ ಎಡವಿ ಬದುಕಿರೋರು ಕೈ ಮುರ್ಕೊಂಡ್ರು ಅಂತ ನಾನು ಡಾಕ್ಟರ್ ಹತ್ರ ಹೇಗೆ ಹೇಳ್ಲಿ, ಅತ್ತೆ?" ಎಂದಳು. "ಈ ಮನೇಲಿ ನಡೆಯೋಕೆ ಜಾಗ ಎಲ್ಲಿದೆ? ಅಂಗಡಿಯಲ್ಲೂ ಇಷ್ಟು ಸಾಮಾನು ಇರಲ್ಲ."

"ಎಲ್ಲಾ ಬೇಕಾಗಿರೋದೇ."

"ಇಬ್ಬರಿಗೆ ಬೇಕಾಗಿರೋದು. ನೀವೀಗ ಒಬ್ಬರು." ಅಷ್ಟು ಹೇಳಿ ಅವಳೇ ತುಟಿ ಕಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಒಂದೇ ಸಲ ಬೇಡ. ಭಾನುವಾರ ನಾನು ಬರ್ತೀನಿ. ಒಂದು ಭಾನುವಾರ ಒಂದು ಕಪಾಟು. ಎರಡಿರೋ ಕಡೆ ಒಂದು ಇಟ್ಕೊಳ್ಳಿ, ಒಂದು ಕೊಡಿ. ಅಷ್ಟೇ" ಎಂದಳು.

ಮೊದಲನೆಯ ಭಾನುವಾರ ಅಡುಗೆಮನೆ. ಅಣ್ಣನ ಮಗಳು ಲೋಟ, ತಟ್ಟೆ, ಚಮಚಗಳನ್ನು ಮೇಜಿನ ಮೇಲೆ ಜೋಡಿಸಿದಳು. ಪ್ರತಿಯೊಂದೂ ತನ್ನ ಜೊತೆಯ ಪಕ್ಕ ಕುಳಿತಿತ್ತು.

"ಇದರಲ್ಲಿ ನಿಮ್ಮದು ಯಾವುದು, ದೊಡ್ಡತ್ತೆಯದು ಯಾವುದು?"

ಸಣ್ಣಕ್ಕ ನೋಡಿದಳು. ಇಷ್ಟು ಕಾಲ ಅವಳಿಗೆ ಈ ಪ್ರಶ್ನೆ ಬಂದೇ ಇರಲಿಲ್ಲ. ಕೈ ಹಾಕಿದಾಗ ಒಂದು ಸಿಕ್ಕಿದರೆ ಉಳಿದದ್ದು ಅಕ್ಕನದು. ಇವತ್ತು ತನ್ನದಾದದ್ದು ನಾಳೆ ಅಕ್ಕನದು.

"ಗೊತ್ತಿಲ್ಲ" ಎಂದಳು.

"ಒಳ್ಳೆಯದಾಯ್ತು ಬಿಡಿ. ಯಾವುದಾದ್ರೂ ಒಂದು ಕೊಟ್ರಾಯ್ತು" ಎಂದು ಅಣ್ಣನ ಮಗಳು ಅರ್ಧಕ್ಕರ್ಧ ಪೆಟ್ಟಿಗೆಗೆ ತುಂಬಿ ಎತ್ತಿಕೊಂಡು ಹೋದಳು.

ಮಾರನೆಯ ದಿನ ಟೀ ಕುಡಿಯುವಾಗ ಸಣ್ಣಕ್ಕನ ತುಟಿಗೆ ಲೋಟದ ಅಂಚಿನ ಸಣ್ಣ ಮುಕ್ಕು ತಾಗಿತು. ಅದು ಅವಳ ತುಟಿಗೆ ಹೊಸದು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಾಗಿರಲಿಲ್ಲ. ಹಾಗಾದರೆ ಅಕ್ಕ ತನ್ನ ಲೋಟ ಯಾವುದೆಂದು ಗುರುತಿಟ್ಟುಕೊಂಡಿದ್ದಳು. ಮುಕ್ಕಾದದ್ದನ್ನು ದಿನವೂ ತಾನೇ ತೆಗೆದುಕೊಳ್ಳುತ್ತಿದ್ದಳು. ತಂಗಿಯ ತುಟಿ ಕುಯ್ಯಬಾರದೆಂದೋ, ಬೇರೆ ಯಾವ ಕಾರಣಕ್ಕೋ. ನಿನ್ನೆ ಹೊರಗೆ ಹೋದದ್ದು ಸಣ್ಣಕ್ಕನದು. ಮನೆಯಲ್ಲಿ ಉಳಿದದ್ದು ದೊಡ್ಡಕ್ಕನದು.

ಏನೂ ಅಲ್ಲದ ಮಾತು. ಒಂದು ಲೋಟ. ಆದರೂ ಉಳಿದ ಟೀಯನ್ನು ಅವಳು ಕುಡಿಯದೆ ಚೆಲ್ಲಿದಳು.

ಮುಂದಿನ ಭಾನುವಾರ ಬಾಚಣಿಗೆ, ಟವೆಲು, ಹೊದಿಕೆ. ಅದರ ಮುಂದಿನ ವಾರ ಕೋಟು, ಕೊಡೆ. ಕೊಡುವಾಗ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ, ಕೊಟ್ಟ ಮೇಲೆ ತಿಳಿಯುತ್ತಿತ್ತು. ಉಳಿದ ಕೋಟನ್ನು ತೊಟ್ಟರೆ ಮೊಣಕೈ ಸವೆದ ಜಾಗ ಅವಳ ಮೊಣಕೈಗೆ ಕೂಡಿಬರುತ್ತಿರಲಿಲ್ಲ, ಒಂದು ಬೆರಳಷ್ಟು ಆಚೆಗೆ ಇರುತ್ತಿತ್ತು. ಉಳಿದ ಕೊಡೆಯ ಹಿಡಿ ಬೇರೆ ಯಾರದೋ ಹೆಬ್ಬೆರಳಿಗೆ ನುಣುಪಾಗಿತ್ತು. ಇಬ್ಬರ ಕನ್ನಡಕಗಳೂ ಒಂದೇ ಚೌಕಟ್ಟಿನವು. ಒಂದನ್ನು ಕೊಟ್ಟು, ಇನ್ನೊಂದನ್ನು ಹಾಕಿಕೊಂಡು ಸೂಜಿಗೆ ದಾರ ಪೋಣಿಸಲು ಕುಳಿತರೆ ಸೂಜಿಯ ಕಣ್ಣು ಎಂದಿಗಿಂತ ನಿಚ್ಚಳವಾಗಿ ಕಾಣಿಸಿತು. ಅವಳಿಗೆ ಭಯವಾದದ್ದು ಆಗ. ಅಕ್ಕನ ಕನ್ನಡಕದಲ್ಲಿ ತನಗೆ ತನ್ನದರಲ್ಲಿಗಿಂತ ಚೆನ್ನಾಗಿ ಕಾಣುವುದೆಂದರೇನು?

ಕೈ ಕೂಡಿಕೊಂಡು ಮತ್ತೆ ಕೆಲಸ ಶುರುವಾಯಿತು. ಈಗ ಗಿರಾಕಿಗಳ ಜೊತೆ ಮಾತಾಡುವವಳೂ ಅವಳೇ ಆಗಬೇಕು. ಒಂದು ದಿನ ಬ್ಯಾಂಕಿನ ಕ್ಯಾಷಿಯರು ಪ್ಯಾಂಟು ತಂದರು. ಸೊಂಟ ಬಿಗಿಯಾಗಿದೆ, ಸಡಿಲ ಮಾಡಿಕೊಡಿ ಎಂದರು.

"ಬಟ್ಟೆಗೆ ಇನ್ನೆಷ್ಟು ಹೇಳೋದು? ಇನ್ಮೇಲೆ ಹೊಟ್ಟೆಗೇ ಹೇಳಿ" ಎಂಬ ಮಾತು ಅವಳ ಬಾಯಿಂದ ಬಂತು.

ಕ್ಯಾಷಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಬ್ಬ, ಇದ್ದೀರಲ್ಲ ದೊಡ್ಡಕ್ಕ. ಹೋಗಿದ್ದು ಸಣ್ಣಕ್ಕ ಅಲ್ವಾ? ಪಾಪ, ಅವರು ಇದ್ದದ್ದೇ ಗೊತ್ತಾಗ್ತಿರ್ಲಿಲ್ಲ."

ಸಣ್ಣಕ್ಕ ಟೇಪು ಎಳೆದುಕೊಂಡು ಪ್ಯಾಂಟಿನ ಸೊಂಟ ಅಳೆದಳು. ತಿದ್ದಬೇಕೆಂದುಕೊಂಡಳು, ತಿದ್ದಲಿಲ್ಲ. ಆ ವಾರದಲ್ಲಿ ಇನ್ನೂ ಕೆಲವರು ಅವಳನ್ನು ದೊಡ್ಡಕ್ಕ ಎಂದರು. ಅವಳು ಓಗೊಟ್ಟಳು. ವಾರ ಕಳೆದಂತೆ ಮನೆ ಬರಿದಾಗುತ್ತಿತ್ತು, ಅಣ್ಣನ ಮಗಳು ಹಿಗ್ಗುತ್ತಿದ್ದಳು. ಆದರೆ ಸಣ್ಣಕ್ಕನಿಗೆ, ಮನೆಯಿಂದ ಒಂದೊಂದಾಗಿ ಹೊರಹೋಗುತ್ತಿರುವುದು ತಾನೇ ಎನಿಸುತ್ತಿತ್ತು. ತನ್ನ ಲೋಟ, ತನ್ನ ಕೋಟು, ತನ್ನ ಕಣ್ಣು. ಕೊನೆಗೆ ಈ ಮನೆಯಲ್ಲಿ ದೊಡ್ಡಕ್ಕ ಒಬ್ಬಳೇ ಉಳಿದು, ಅವಳ ಕುರ್ಚಿಯಲ್ಲಿ ಕುಳಿತು, ಅವಳ ಹಾಗೆ ಮಾತಾಡುತ್ತ ಬಟ್ಟೆ ಹೊಲಿಯುತ್ತಾಳೆ. ಬೀದಿಗೆ ಎಳ್ಳಷ್ಟೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಂಚದ ಪಕ್ಕದ ಗೋಡೆಯಲ್ಲಿ ಇಬ್ಬರೂ ಚಿಕ್ಕವರಿದ್ದಾಗಿನ ಒಂದು ಫೋಟೋ ಇತ್ತು. ಒಂದು ಮಧ್ಯಾಹ್ನ ಅದನ್ನು ಕೆಳಗಿಳಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದೇ ಬಣ್ಣದ ಫ್ರಾಕು, ಒಂದೇ ಥರದ ಜಡೆ. ಎಡಗಡೆಯವಳು ತಾನೆಂದು ಯಾವಾಗಲೂ ಅಂದುಕೊಂಡಿದ್ದಳು. ಹೇಳಿದ್ದು ಅಕ್ಕ. ಈಗ ಕೇಳೋಣವೆಂದರೆ ಗೊತ್ತಿದ್ದವರು ಯಾರೂ ಬದುಕಿರಲಿಲ್ಲ.

ಮಷೀನಿನ ಸರದಿ ಬರುವ ಹೊತ್ತಿಗೆ ಚಳಿ ಬಿದ್ದಿತ್ತು. ಒಂದನ್ನು ಯಾರಿಗಾದರೂ ಕೊಡಬೇಕು. ಅಣ್ಣನ ಮಗಳು ವಿಚಾರಿಸಿಕೊಂಡು ಬಂದು, "ಮಾರ್ಕೆಟ್ ಹಿಂದೆ ಒಂದು ಟೈಲರಿಂಗ್ ಅಂಗಡಿ ಇದೆ. ಮುದುಕರೊಬ್ಬರು, ಅವರ ಮಗಳು ನಡೆಸ್ತಾರೆ. ಹಳೇ ಮಷೀನು ಬೇಕಂತೆ. ಬಂದು ನೋಡ್ತಾರೆ" ಎಂದಳು.

ಬಂದವರು ಕಟಿಂಗ್ ಮಾಸ್ತರು.

ಸಣ್ಣಕ್ಕ ಬಾಗಿಲಲ್ಲೇ ಗುರುತು ಹಿಡಿದಳು. ಹರೆಯದಲ್ಲಿ ಅಕ್ಕತಂಗಿಯರು ಕೆಲಸ ಕಲಿತದ್ದು ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಹಿಂದಿನ ಹೊಲಿಗೆ ಕೋಣೆಯಲ್ಲಿ. ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು ಇವರು. ಆಗ ಇವರಿಗೂ ಅಂಥ ವಯಸ್ಸೇನಲ್ಲ. ಉದ್ದನೆಯ ಕೈ, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು. ಅವರು ಮೇಜಿನ ಮೇಲೆ ಬಟ್ಟೆ ಹರಡುವಾಗ ಸಣ್ಣಕ್ಕ ಹೊಲಿಗೆ ಬಿಟ್ಟು ನೋಡುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಅವರು ಕೆಲಸ ಬಿಟ್ಟು ಬೇರೆಲ್ಲೋ ಹೋದರು. ಹೋಗುವ ಮುಂಚಿನ ದಿನಗಳಲ್ಲಿ ಅವಳ ಕಡೆ ತಿರುಗಿಯೂ ನೋಡಿರಲಿಲ್ಲ. ಏಕೆಂದು ಅವಳಿಗೆ ಗೊತ್ತಾಗಲಿಲ್ಲ. ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದಳು. ಆ ಮನೆಯಲ್ಲಿ ಅವಳು ಒಬ್ಬಳೇ ಮಾಡಿದ ಕೆಲಸ ಅದೊಂದೇ.

ಈಗ ಬೆನ್ನು ಬಾಗಿತ್ತು, ಕೈ ಸ್ವಲ್ಪ ನಡುಗುತ್ತಿತ್ತು. ಅವರು ಮಷೀನಿನ ಚಕ್ರ ತಿರುಗಿಸಿ, ಬೆಲ್ಟು ಮುಟ್ಟಿ ನೋಡಿ, "ಒಂದು ತುಂಡು ಹೊಲಿದು ತೋರಿಸ್ತೀರಾ?" ಎಂದರು. ಸಣ್ಣಕ್ಕ ಚಿಂದಿಯೊಂದನ್ನು ತೆಗೆದುಕೊಂಡು ಒಂದು ಗೀಟು ಹೊಲಿದಳು, ದಾರವನ್ನು ಹಲ್ಲಿನಿಂದ ಕಡಿದು ಅವರ ಕೈಗೆ ಕೊಟ್ಟಳು.

ಮಾಸ್ತರು ಹೊಲಿಗೆ ನೋಡಲಿಲ್ಲ. ಅವಳ ಮುಖ ನೋಡಿದರು.

"ನೀವು ಸಣ್ಣವರು" ಎಂದರು.

ಎಷ್ಟು ತಿಂಗಳಾಗಿತ್ತೋ ಆ ಮಾತು ಕೇಳಿ. ಅವಳು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಿಮಗೆ ಹೇಗೆ ಗೊತ್ತಾಯ್ತು?"

"ದಾರ ಕಡಿದ್ರಲ್ಲ. ಅವರು ಕತ್ತರಿ ಇಲ್ಲದೆ ದಾರ ಮುಟ್ತಿರ್ಲಿಲ್ಲ. ನೀವು ಹಲ್ಲು ಹಾಕ್ತಿದ್ರಿ, ನಾನು ಬೈತಿದ್ದೆ." ಅವರು ನಕ್ಕು ಎದುರಿನ ಕುರ್ಚಿಯಲ್ಲಿ ಕುಳಿತರು. "ಕೂತು ಹೊಲಿಯೋವಾಗ ಬೇರೆ ಬೇರೆ ಅಂತ ಗೊತ್ತಾಗ್ತಿತ್ತು. ನಿಂತ್ಕೊಂಡ್ರೆ ಕಷ್ಟ. ಅವತ್ತು ಮೆಟ್ಟಿಲ ಮೇಲೂ ನಿಮ್ಮ ಕೋಟು ನೋಡಿ ಗುರುತು ಹಿಡಿದದ್ದು. ಅದರಲ್ಲಿ ಒಂದು ಗುಂಡಿ ಬೇರೆ ಬಣ್ಣದ್ದಿತ್ತಲ್ಲ. ನಾನೇ ಹುಡುಕಿ ಕೊಟ್ಟಿದ್ದೆ."

"ಯಾವ ಮೆಟ್ಟಿಲು?"

"ಇನ್ನೇನು ನಾಚಿಕೆ ಬಿಡಿ, ಇಬ್ಬರಿಗೂ ವಯಸ್ಸಾಯ್ತು. ಅಂಗಡಿ ಹಿಂದಿನ ಮೆಟ್ಟಿಲು. ಮದುವೆ ಆಗ್ತೀರಾ ಅಂತ ಕೇಳೋಕೆ ನಾನು ಎಷ್ಟು ದಿನ ಧೈರ್ಯ ಕೂಡಿಸ್ಕೊಂಡಿದ್ದೆ ಗೊತ್ತಾ? ಮೊದಲು 'ನೀವು ಸಣ್ಣವರೇ ತಾನೆ' ಅಂತ ಕೇಳಿದೆ, ಎಲ್ಲಿ ಎಡವಟ್ಟಾಗುತ್ತೋ ಅಂತ. ಹೌದು ಅಂದ್ರಿ."

ಯಾವ ಮೆಟ್ಟಿಲ ಮೇಲೂ ಯಾರೂ ಸಣ್ಣಕ್ಕನನ್ನು ಏನನ್ನೂ ಕೇಳಿರಲಿಲ್ಲ. ಮಾಸ್ತರು ಕೆಲಸ ಬಿಟ್ಟ ಆ ಚಳಿಗಾಲದಲ್ಲಿ ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಅಕ್ಕ ಒಬ್ಬಳೇ ಕೆಲಸಕ್ಕೆ ಹೋಗಿದ್ದಳು. ಕೈಗೆ ಸಿಕ್ಕಿದ ಕೋಟು ತೊಟ್ಟುಕೊಂಡು.

"ನಾನು..." ಎಂದಳು. "ನಾನು ಏನಂದೆ?"

"ಮರೆತೇಹೋಯ್ತಾ? ನನಗೆ ಮರೆಯಲಿಲ್ಲ." ಮಾಸ್ತರ ದನಿಯಲ್ಲಿ ಕಹಿ ಇರಲಿಲ್ಲ. ಬೇರೆ ಯಾರದೋ ಕತೆ ಹೇಳುವ ಹಾಗೆ ಹೇಳಿದರು. "'ನನಗೆ ಅಕ್ಕ ಇದ್ದಾಳೆ, ಅಷ್ಟು ಸಾಕು' ಅಂದ್ರಿ. ಸರಿ ಅಂದೆ. ಇನ್ನೇನನ್ನಲಿ? ಆಮೇಲೆ ಒಳ್ಳೇ ಹೆಂಡತಿ ಸಿಕ್ಕಿದ್ಲು, ಹೋದ ವರ್ಷ ಹೋದ್ಲು. ಮಗಳಿದ್ದಾಳೆ. ನನಗೇನೂ ಕಡಿಮೆ ಆಗ್ಲಿಲ್ಲ, ಬೇಜಾರು ಮಾಡ್ಕೋಬೇಡಿ."

ಹೇಳಿಬಿಡಬಹುದಾಗಿತ್ತು. ಅದು ನಾನಲ್ಲ ಎಂಬ ಒಂದೇ ಮಾತು. ಸಣ್ಣಕ್ಕ ಬಾಯಿ ತೆರೆದಳು. ಎದುರಿಗೆ ಕುಳಿತಿದ್ದ ಮನುಷ್ಯ ಬದುಕಿಡೀ ಹೊತ್ತು, ಸವೆಸಿ, ಹಗುರ ಮಾಡಿಕೊಂಡಿದ್ದ ಒಂದು ಮಾತು ಅದು. ಅದನ್ನು ಸುಳ್ಳೆಂದರೆ ಅವರಿಗೆ ಏನು ಉಳಿಯುತ್ತದೆ?

"ಹೌದು" ಎಂದಳು. "ಹಾಗೇ ಅಂದಿದ್ದೆ."

ದೊಡ್ಡಕ್ಕನ ಮಷೀನನ್ನು ಕೈಗಾಡಿಯವನು ಮಧ್ಯಾಹ್ನವೇ ಬಂದು ಎತ್ತಿಕೊಂಡು ಹೋದ. ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಅದರ ಕಾಲುಗಳ ಗುರುತು ಉಳಿಯಿತು. ಸಣ್ಣಕ್ಕ ಬಾಗಿಲು ಹಾಕಿ, ಎದುರಿನ ಖಾಲಿ ಕುರ್ಚಿಯ ಮುಂದೆ ನಿಂತಳು.

"ಹೇಳು" ಎಂದಳು. "ಈಗ ಹೇಳು. ಮಾತಾಡೋದರಲ್ಲಿ ಜಾಣೆಯಲ್ಲವಾ ನೀನು."

ಹುಟ್ಟಿದ ಮೇಲೆ ಅವರಿಬ್ಬರೂ ಜಗಳವಾಡಿರಲಿಲ್ಲ. ಅಪ್ಪ ಅದಕ್ಕೆ ಆಸ್ಪದವನ್ನೇ ಇಟ್ಟಿರಲಿಲ್ಲ. ಆ ದಿನ ಸಣ್ಣಕ್ಕ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ನನ್ನ ಬಾಯಿ ನಿನಗೆ ಯಾರು ಕೊಟ್ಟರು ಎಂದಳು. ನೀನು ಬೇಡ ಅಂದದ್ದು ಅವರಿಗಲ್ಲ, ನನಗೆ ಎಂದಳು. ಜ್ವರ ಬಿಟ್ಟ ಮೇಲೆ ಅಕ್ಕ ತನಗೆ ಕಿಟಕಿಯ ಕಡೆಯ ಹಾಸಿಗೆ ಬಿಟ್ಟುಕೊಟ್ಟದ್ದು ನೆನಪಾಯಿತು. ಗಾಳಿ ಬರುತ್ತೆ, ನೀನು ಮಲಕ್ಕೋ ಎಂದಿದ್ದಳು. ಅದರ ಅರ್ಥ ಇದಾಗಿತ್ತೇ? ಆ ಹಾಸಿಗೆಯಲ್ಲಿ ಅವಳು ಇಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು. ಸಿಟ್ಟು ನೆತ್ತಿಗೇರಿತು. ಅಕ್ಕನ ಸಾಮಾನನ್ನೆಲ್ಲ ಬೀದಿಗೆಸೆಯಬೇಕು, ಒಂದು ಸೂಜಿಯನ್ನೂ ಬಿಡಬಾರದು ಎಂದು ಕಪಾಟಿನ ಬಾಗಿಲು ತೆರೆದಳು.

ಒಳಗೆ ನೋಡಿ ಕೈ ನಿಂತಿತು. ಯಾವುದು ಅಕ್ಕನದು? ಗೊತ್ತಿರಲಿಲ್ಲ. ಸೇಡು ತೀರಿಸಿಕೊಳ್ಳೋಣವೆಂದರೂ ಅಕ್ಕ ಕೈಗೆ ಸಿಗುವ ಹಾಗಿರಲಿಲ್ಲ. ಅವಳು ನೆಲದ ಮೇಲೆ ಕುಳಿತು ಅತ್ತಳು. ಬಚ್ಚಲಿನ ನೀರಿನ ಸದ್ದು ಬೇಕಾಗಿರಲಿಲ್ಲ.

ಭಾನುವಾರ ಅಣ್ಣನ ಮಗಳು ಬಂದಾಗ ನಡುಮನೆಯಲ್ಲಿ ಗಂಟುಗಳ ರಾಶಿ ಬಿದ್ದಿತ್ತು. ಒಂದು ಮಂಚವನ್ನು ಬಿಚ್ಚಿ ಗೋಡೆಗೆ ಒರಗಿಸಲಾಗಿತ್ತು.

"ಅತ್ತೆ, ಇದೇನು? ವಾರಕ್ಕೆ ಒಂದೇ ಕಪಾಟು ಅಂದಿದ್ನಲ್ಲ."

"ಮುಗಿಸಿಬಿಟ್ಟೆ."

"ಯಾವುದು ಯಾರದು ಅಂತ ನೋಡಿದ್ರಾ?"

"ಇಲ್ಲ. ಕೈಗೆ ಬಂದದ್ದು ಹೋಗಲಿ, ಉಳಿದದ್ದು ನನ್ನದು."

ಅಣ್ಣನ ಮಗಳು ಅವಳ ಮುಖವನ್ನೇ ನೋಡಿದಳು, ಆಮೇಲೆ ಒಂದು ಗಂಟನ್ನು ಎತ್ತಿಕೊಂಡಳು. ಇಬ್ಬರೂ ಸೇರಿ ಗಂಟುಗಳನ್ನು ಹೊರಗೆ ಸಾಗಿಸಿದರು. ಸಂಜೆಯ ಹೊತ್ತಿಗೆ ಮನೆ ಎಷ್ಟು ಖಾಲಿಯಾಗಿತ್ತೆಂದರೆ, ಮಾತಾಡಿದರೆ ಗೋಡೆಗಳು ಅದನ್ನೇ ತಿರುಗಿಸಿ ಕೊಡುತ್ತಿದ್ದವು. ಸಣ್ಣಕ್ಕ ಹಿಂದಿನ ಕೋಣೆಯಲ್ಲಿ ನಿಂತು, "ಕಿಟಕಿ ಹಾಕಮ್ಮ" ಎಂದು ಕೂಗಿದಾಗ ಗೋಡೆಯಿಂದ ತಿರುಗಿ ಬಂದ ದನಿ ಅವಳದಾಗಿರಲಿಲ್ಲ. ಸ್ವಲ್ಪ ಒರಟು, ಸ್ವಲ್ಪ ಸಲಿಗೆಯದು, ಅಕ್ಕ ಗಿರಾಕಿಗಳನ್ನು ಗದರುತ್ತಿದ್ದ ಹಾಗೆ. ಅವಳು ಗಕ್ಕನೆ ತಿರುಗಿ, "ಕೇಳಿಸ್ತಾ?" ಎಂದಳು.

"ಖಾಲಿ ಮನೆಯಲ್ಲಿ ಹಾಗೇ ಕೇಳಿಸುತ್ತೆ, ಅತ್ತೆ. ದಪ್ಪ ಪರದೆ ಹಾಕಿದ್ರೆ ಹೋಗುತ್ತೆ" ಎಂದಳು ಅಣ್ಣನ ಮಗಳು.

ಪರದೆ ಹೊಲಿಯುವುದೇನೂ ಅವಳಿಗೆ ಕಷ್ಟವಲ್ಲ. ಮುಂದಿನ ಕೋಣೆಗೆ ಹೊಲಿದು ಹಾಕಿದಳು. ಅಲ್ಲಿ ದನಿ ಅಡಗಿತು. ಹಿಂದಿನ ಕೋಣೆಗೆ ಬಟ್ಟೆ ತಂದು, ಅಳತೆ ತೆಗೆದು, ಕತ್ತರಿಸಿಯೂ ಇಟ್ಟಿದ್ದಾಳೆ. ಹೊಲಿಯಲು ಇನ್ನೂ ಕೈ ಹಚ್ಚಿಲ್ಲ.

ಗಿರಾಕಿಗಳು ದೊಡ್ಡಕ್ಕ ಎಂದರೆ ಈಗ ತಿದ್ದುತ್ತಾಳೆ. "ದೊಡ್ಡಕ್ಕ ಹೋದ್ಲು. ನಾನು ಸಣ್ಣವಳು" ಎನ್ನುತ್ತಾಳೆ. ಕ್ಯಾಷಿಯರು ಮೊದಲು ನಂಬಲಿಲ್ಲ. ತಮಾಷೆ ಮಾಡಬೇಡಿ ಎಂದರು. ಅವಳು ನಗದಿದ್ದುದನ್ನು ನೋಡಿ ಪೆಚ್ಚಾಗಿ ಹೋದರು. ಎದುರಿನ ಮಷೀನು ಇಲ್ಲದಿದ್ದರೂ ಸದ್ದು ಪೂರ್ತಿ ಹೋಗಿಲ್ಲ. ಮೋಡ ಕವಿದ ಮಧ್ಯಾಹ್ನಗಳಲ್ಲಿ ಅವಳು ಕಾಲು ನಿಲ್ಲಿಸಿದ ಮೇಲೂ ಒಮ್ಮೊಮ್ಮೆ ಕೇಳುತ್ತದೆ. ಮುಂಚೆ ತಲೆ ತಗ್ಗಿಸಿಕೊಂಡು ಕಾಯುತ್ತಿದ್ದಳು. ಈಗ ತಲೆ ಎತ್ತಿ ನೇರ ನೋಡುತ್ತಾಳೆ. ಅಲ್ಲಿ ನೆಲ ಇರುತ್ತದೆ, ಬಿಸಿಲೋ ನೆರಳೋ ಇರುತ್ತದೆ.

ಮಾಸ್ತರಿಗೆ ನಿಜ ಹೇಳಿಬಿಡಬೇಕೆಂದು ಒಂದು ದಿನ ಮಾರ್ಕೆಟ್ಟಿನ ಹಿಂದಿನ ಅಂಗಡಿಗೆ ಹೋದಳು. ಹೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಅವರು ಕತ್ತರಿಸುವ ಮೇಜಿನ ಪಕ್ಕ ಕುರ್ಚಿಯಲ್ಲಿ ಕುಳಿತು, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋಗಿದ್ದರು. ಮಗಳು ಮಷೀನಿನಲ್ಲಿ ಹೊಲಿಯುತ್ತಿದ್ದಳು. "ಎಬ್ಬಿಸ್ಲಾ?" ಎಂದು ಕೇಳಿದಳು.

"ಬೇಡಮ್ಮ, ಮಲಗ್ಲಿ" ಎಂದು ಸಣ್ಣಕ್ಕ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಆ ಹುಡುಗಿಯ ಕಾಲನ್ನೂ ಬಟ್ಟೆ ಸಾಗುವುದನ್ನೂ ನೋಡಿ ಹಿಂದಿರುಗಿದಳು.

ಮನೆಗೆ ಬಂದು ಕೋಟು ತೆಗೆದಿಟ್ಟು, ಕೈಕಾಲು ತೊಳೆದು, ಹಿಂದಿನ ಕೋಣೆಗೆ ಹೋದಳು. ಹೊರಗೆ ಹೋಗಿ ಬಂದವಳು ಕಂಡದ್ದನ್ನೆಲ್ಲ ಮನೆಯಲ್ಲಿದ್ದವಳಿಗೆ ಹೇಳುವುದು ಆ ಮನೆಯ ರೂಢಿ.

"ಮಾಸ್ತರ ಮಗಳು ಪೆಡಲು ತುಂಬಾ ಜೋರಾಗಿ ತುಳೀತಾಳೆ" ಎಂದಳು. "ಹಾಗೆ ತುಳಿದ್ರೆ ಬೆಲ್ಟು ಎಷ್ಟು ದಿನ ಬಂದೀತು? ಒಂದಿನ ಹೋಗಿ ಹೇಳಿಕೊಡಬೇಕು."

ಹೇಳಿ, ಕತ್ತರಿಸಿಟ್ಟಿದ್ದ ಪರದೆಯ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ಕುಳಿತಳು.